ಅಮ್ಮನ ಮನೆಗೆ ಟ್ಯಾಬ್ ಬಂದಿದೆ. ಯಾವ ಆ್ಯಪ್ ಹಾಕಿಕೊಡಲಿ?

ತೀರ್ಥಹಳ್ಳಿ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅಮ್ಮ ಊರಲ್ಲಿ ಒಬ್ಬಳೇ ಇದ್ದಾಳೆ. ವಯಸ್ಸು 69. ನಾನು ಬೆಂಗಳೂರಲ್ಲಿದ್ದೇನೆ, ಅಣ್ಣ ಹೊರದೇಶದಲ್ಲಿ. "ದನ ಬಿಟ್ಟು, ತೋಟ ಬಿಟ್ಟು ನಾನೆಲ್ಲಿಗೂ ಬರುವುದಿಲ್ಲ" ಅಂತ ಅಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾಳೆ.

ಇಷ್ಟು ವರ್ಷ ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗ್, ಬ್ಯಾಂಕು ಎಲ್ಲ ಅಪ್ಪನೇ ನೋಡಿಕೊಳ್ಳುತ್ತಿದ್ದರು. ಅಮ್ಮನ ಹತ್ತಿರ ಒಂದು ಸ್ಮಾರ್ಟ್‌ಫೋನ್ ಇದೆ. ವಾಟ್ಸಾಪ್ ಕರೆ ಬಂದರೆ ಎತ್ತುತ್ತಾಳೆ, ಅಷ್ಟೇ. ಈಗ ಅಣ್ಣ ಒಂದು ಟ್ಯಾಬ್, ಎರಡು ಕ್ಯಾಮೆರಾ, ನಾಲ್ಕು ಸ್ಮಾರ್ಟ್ ಪ್ಲಗ್ (ಫೋನಿನಿಂದಲೇ ಆನ್, ಆಫ್ ಮಾಡುವ ಪ್ಲಗ್) ಕಳಿಸಿದ್ದಾನೆ. ಹೋದ ವಾರ ಊರಿಗೆ ಹೋಗಿ ಟ್ಯಾಬ್ ಕೊಟ್ಟುಬಂದೆ. ಅಮ್ಮ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾಳೆ. "ಎಂತಕ್ಕೆ ಇದೆಲ್ಲ? ಎಲ್ಲೋ ಒತ್ತಿ ಹಾಳಾದ್ರೆ?" ಅನ್ನುತ್ತಾಳೆ.

ಅಮ್ಮನಿಗೆ ನಿಜವಾಗಿ ಉಪಯೋಗಕ್ಕೆ ಬರುವ ಆ್ಯಪ್ ಯಾವುವು? ಹೇಗೆ ಕಲಿಸಬೇಕು? ಮನೆಯ ಹಿರಿಯರಿಗೆ ಕಲಿಸಿದವರು ದಯವಿಟ್ಟು ಹೇಳಿ. ಮುಂದಿನ ವಾರ ನಾಲ್ಕು ದಿನ ರಜೆ ಹಾಕಿ ಮತ್ತೆ ಹೋಗುತ್ತಿದ್ದೇನೆ.

ಮೈಸೂರು ಮೊಮ್ಮಗ

ಮೇಡಂ, ಮೊದಲು ಹಾಕುವ ಕೆಲಸ ಬೇಡ, ತೆಗೆಯುವ ಕೆಲಸ ಮಾಡಿ. ಹೊಸ ಟ್ಯಾಬ್‌ನಲ್ಲಿ ಬೇಡದ ಆ್ಯಪ್‌ಗಳು ತುಂಬಿಕೊಂಡೇ ಬರುತ್ತವೆ. ಆರನ್ನು ಮಾತ್ರ ಕಣ್ಣಿಗೆ ಬೀಳುವ ಹಾಗೆ ಇಡಿ. ಅಕ್ಷರ ದೊಡ್ಡದು ಮಾಡಿ. ಕರೆ ಮತ್ತು ಸಂದೇಶ ಬಿಟ್ಟು ಬೇರೆ ಎಲ್ಲ ನೋಟಿಫಿಕೇಶನ್ ನಿಲ್ಲಿಸಿ. ನಮ್ಮ ಅಜ್ಜಿಗೆ ಹೆದರಿಕೆ ಇದ್ದದ್ದು ಫೋನಿನದ್ದಲ್ಲ, ತಾನಾಗಿ ಮೇಲೆ ಹಾರಿ ಬರುವ ಜಾಹೀರಾತಿನದ್ದು. ಅವು ನಿಂತ ಮೇಲೆ ಅಜ್ಜಿ ಧೈರ್ಯವಾಗಿ ಮುಟ್ಟತೊಡಗಿದರು.

ಆಮೇಲೆ ಆ ಆರರ ಜಾಗ ಯಾವತ್ತೂ ಬದಲಿಸಬೇಡಿ. ಹಿರಿಯರು ಹೆಸರು ಓದಿ ಒತ್ತುವುದಿಲ್ಲ, ಜಾಗ ನೋಡಿ ಒತ್ತುತ್ತಾರೆ. ಸಾಸಿವೆ ಡಬ್ಬಿ ಎಲ್ಲಿದೆ ಅಂತ ಕೈಗೆ ಗೊತ್ತಿರುತ್ತದಲ್ಲ, ಹಾಗೆ.

ಕನ್ನಡ ಕೀಲಿ

ಎಲ್ಲಕ್ಕಿಂತ ಮುಖ್ಯವಾದದ್ದು ಭಾಷೆ. ಟ್ಯಾಬ್ ಪೂರ್ತಿ ಕನ್ನಡದಲ್ಲಿ ಇಡಬಹುದು. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಅಂತ ಹುಡುಕಿದರೆ ಸಿಗುತ್ತದೆ. ಆಂಡ್ರಾಯ್ಡ್ 13 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಒಂದೊಂದು ಆ್ಯಪ್‌ಗೆ ಬೇರೆ ಬೇರೆ ಭಾಷೆಯನ್ನೂ ಆರಿಸಬಹುದು. ಆದರೆ ಆ ಆ್ಯಪ್‌ನಲ್ಲಿ ಕನ್ನಡ ಇರಬೇಕು ಅಷ್ಟೇ. ವಾಟ್ಸಾಪ್‌ನಲ್ಲಿ ಇದೆ.

ಟೈಪ್ ಮಾಡಲು ಕಲಿಸುವ ಗೋಜಿಗೆ ಈಗಲೇ ಹೋಗಬೇಡಿ. ಗೂಗಲ್ ಕೀಬೋರ್ಡ್‌ಗೆ 2017ರಲ್ಲೇ ಕನ್ನಡ ಮಾತು ಕೇಳಿಸಿಕೊಂಡು ಬರೆಯುವ ಸೌಲಭ್ಯ ಬಂದಿದೆ. ಮೈಕ್ ಚಿತ್ರ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಊರಿನ ಮಾತನ್ನು ಕೆಲವು ಸಲ ತಪ್ಪಾಗಿ ಬರೆಯುತ್ತದೆ. ನಮ್ಮ ಅಮ್ಮ "ಎಂತ ಮಾಡ್ತಿದ್ದೆ" ಅಂದರೆ ಏನೇನೋ ಬರುತ್ತಿತ್ತು. ರೇಡಿಯೊದ ವಾರ್ತೆಯವರ ಹಾಗೆ ಸ್ವಲ್ಪ ಬಿಡಿಸಿ ಹೇಳಿ ಅಂದೆ. ಈಗ ಚೆನ್ನಾಗಿ ಬರುತ್ತದೆ.

ಇನ್ನೊಂದು, ಗೂಗಲ್ ಲೆನ್ಸ್. ಮಾತ್ರೆ ಪಟ್ಟಿ, ಗೊಬ್ಬರದ ಚೀಲ, ಬ್ಯಾಂಕಿನ ಪತ್ರ, ಯಾವುದರ ಮೇಲಾದರೂ ಕ್ಯಾಮೆರಾ ಹಿಡಿದರೆ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಓದಿ ಹೇಳು ಅಂದರೆ ಗಟ್ಟಿಯಾಗಿ ಓದುತ್ತದೆ. ಆದರೆ ಔಷಧಿಯ ಪ್ರಮಾಣವನ್ನು ಮಾತ್ರ ಇದನ್ನು ನಂಬಿ ತೀರ್ಮಾನಿಸಬೇಡಿ. ಮಾತ್ರೆಯ ಹೆಸರು, ಅವಧಿ ಮುಗಿಯುವ ದಿನ ನೋಡಲು ಸಾಕು. ಎಷ್ಟು ತಗೊಳ್ಳಬೇಕು ಅನ್ನುವುದು ಡಾಕ್ಟರ್ ಹೇಳಿದ್ದೇ.

ಬೇಲೂರು ಟೀಚರ್

ಒಂದೇ ಮಾತು. ಟ್ಯಾಬ್ ನಿಮ್ಮ ಕೈಗೆ ತಗೊಳ್ಳಬೇಡಿ. "ಕೊಡು, ನಾನು ತೋರಿಸ್ತೀನಿ" ಅಂದ ಕೂಡಲೇ ಕಲಿಕೆ ನಿಂತುಹೋಗುತ್ತದೆ. ನಿಮ್ಮ ಬೆರಳು ತೋರಿಸಲಿ, ಅವರ ಬೆರಳು ಒತ್ತಲಿ. ದಿನಕ್ಕೆ ಒಂದು ಕೆಲಸ ಸಾಕು. ಅದನ್ನು ಅವರೇ ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಮಾತಿನಲ್ಲಿ ಬರೆದುಕೊಳ್ಳಲಿ. "ಹಸಿರು ಗುಂಡು ಒತ್ತು, ಮಗಳ ಫೋಟೋ ಒತ್ತು" ಅಂತ ಬರೆದರೂ ಸರಿಯೇ.

ಶಿರಾ ರೈತ

ಅಕ್ಕಾ, ತೋಟಕ್ಕೆ ಪಂಪ್‌ಸೆಟ್ ಇದೆಯಾ? ಇದ್ದರೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಡಿ. ನಾನು ಆರು ವರ್ಷದಿಂದ ಬಳಸುತ್ತಿದ್ದೇನೆ. ಬೋರ್‌ವೆಲ್ ಹತ್ತಿರದ ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ. ಪಂಪ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟ್ ಬಂದರೆ ಅದೇ ಫೋನ್ ಮಾಡಿ ಹೇಳುತ್ತದೆ. ಮನೆಯಿಂದಲೇ ಒಂದು ಅಂಕಿ ಒತ್ತಿದರೆ ಮೋಟರ್ ಆನ್, ಇನ್ನೊಂದು ಒತ್ತಿದರೆ ಆಫ್. ನೀರು ನಿಂತು ಮೋಟರ್ ಖಾಲಿ ಓಡಿದರೆ ತಾನೇ ನಿಲ್ಲಿಸುತ್ತದೆ. ಕಾಯಿಲ್ ಸುಟ್ಟು ಮೋಟರ್ ಮೇಲೆತ್ತುವ ಖರ್ಚು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಇದಕ್ಕೆ ಇಂಟರ್‌ನೆಟ್ ಬೇಡ. ಆ್ಯಪ್ ಇರುವ ಸ್ಟಾರ್ಟರ್ ಕೂಡ ಸಿಗುತ್ತದೆ, ಆದರೆ ನನ್ನ ಹೆಂಡತಿ ಕರೆ ಮಾಡಿಯೇ ಆನ್ ಮಾಡುತ್ತಾಳೆ, ಅದೇ ಅವಳಿಗೆ ಸುಲಭ. ಮೊದಲು ರಾತ್ರಿ ಎರಡು ಗಂಟೆಗೆ ಕರೆಂಟ್ ಕೊಟ್ಟರೆ ಟಾರ್ಚ್ ಹಿಡಿದು ಹೊಲಕ್ಕೆ ಹೋಗಬೇಕಿತ್ತು. ಒಂದು ಸಲ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲೇ ಮಂಡಲದ ಹಾವು ಮಲಗಿತ್ತು. ಆ ಭಯ ಈಗ ಇಲ್ಲ. ನಮ್ಮ ಮನೆಗೆ ಬಂದ ಸಾಮಾನಿನಲ್ಲಿ ಇದಕ್ಕಿಂತ ಒಳ್ಳೇದು ಯಾವುದೂ ಇಲ್ಲ.

ತೀರ್ಥಹಳ್ಳಿ ಮಗಳು

ಇದು ನನಗೆ ಹೊಳೆದೇ ಇರಲಿಲ್ಲ ಅಣ್ಣ. ಪಂಪ್ ಇದೆ, ಹೊಳೆ ಪಕ್ಕ. ಅಮ್ಮ ಬೆಳಗ್ಗೆ ಅಷ್ಟು ದೂರ ಇಳಿದು ಹೋಗುತ್ತಾಳೆ, ಮಳೆ ಬಂದರೆ ದಾರಿ ಪೂರ್ತಿ ಜಾರು. ಖಂಡಿತ ವಿಚಾರಿಸುತ್ತೇನೆ. ನನ್ನ ಅಣ್ಣ ಕಳಿಸಿದ ಸ್ಮಾರ್ಟ್ ಪ್ಲಗ್ ಎಲ್ಲಿ ಹಾಕಲಿ ಅಂತ ಯಾರಾದರೂ ಹೇಳುತ್ತೀರಾ? ಗೀಸರ್‌ಗೆ ಹಾಕು ಅಂತಾನೆ.

ಟ್ಯಾಂಕ್ ತುಂಬಿತಾ

ಮೊದಲು ಪ್ಲಗ್ ಹಿಂದೆ ಎಷ್ಟು ಆಂಪ್ (ಎಷ್ಟು ಕರೆಂಟ್ ತಡೆಯುತ್ತದೆ) ಅಂತ ಬರೆದಿದೆ ನೋಡಿ. ನಾನು ಎಲೆಕ್ಟ್ರಿಕಲ್ ಕೆಲಸ ಮಾಡುವವನು, ಇದನ್ನು ಒತ್ತಿ ಹೇಳುತ್ತೇನೆ. 2000 ವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. 3000 ವ್ಯಾಟ್‌ನದ್ದು 13 ಆಂಪ್. 6 ಅಥವಾ 10 ಆಂಪ್ ಪ್ಲಗ್‌ನಲ್ಲಿ ಗೀಸರ್ ಹಾಕಿದರೆ ಪ್ಲಗ್ ಬಿಸಿಯಾಗಿ ಕರಗಬಹುದು. ಕರಗಿದ್ದನ್ನು ಕಣ್ಣಾರೆ ನೋಡಿದ್ದೇನೆ, ಗೋಡೆ ಕಪ್ಪಾಗಿತ್ತು. ಗೀಸರ್‌ಗೆ 16 ಆಂಪ್‌ನದ್ದೇ ಬೇಕು, ಅರ್ತಿಂಗ್ ಸರಿ ಇರಬೇಕು. ನೀರಿನ ಮೋಟರನ್ನು ಸ್ಮಾರ್ಟ್ ಪ್ಲಗ್‌ಗೆ ಹಾಕಲೇಬೇಡಿ. ಮೋಟರ್ ಶುರುವಾಗುವ ಹೊತ್ತಿಗೆ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ.

ಅಥವಾ ನಿಮ್ಮಲ್ಲಿ ಬಚ್ಚಲಲ್ಲಿ ಹಂಡೆ ಇದೆಯಾ? ಇದ್ದರೆ ಗೀಸರ್ ಮಾತೇ ಬೇಡ.

ಇನ್ನು ಬಲ್ಬ್ ವಿಷಯ. ಸ್ಮಾರ್ಟ್ ಬಲ್ಬ್, ಪ್ಲಗ್ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಆರಿಸಿದ್ದರೆ "ಕಾಣಿಸ್ತಿಲ್ಲ" ಅನ್ನುತ್ತವೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಜಾಸ್ತಿ ಅಲ್ವಾ? ಕರೆಂಟ್ ಬಂದ ಕೂಡಲೇ ಸ್ಮಾರ್ಟ್ ಬಲ್ಬ್ ತಾನೇ ಹತ್ತಿಕೊಳ್ಳುತ್ತದೆ. ನಡುರಾತ್ರಿ ಒಂಟಿ ಮನೆಯಲ್ಲಿ ದೀಪ ತಾನಾಗಿ ಹತ್ತಿದರೆ ನಿಮ್ಮ ಅಮ್ಮ ಗಾಬರಿಯಾಗುತ್ತಾರೆ. ಕರೆಂಟ್ ಬಂದಾಗ ಮೊದಲಿದ್ದ ಸ್ಥಿತಿಯಲ್ಲೇ ಇರಲಿ ಅನ್ನುವ ಆಯ್ಕೆ ಬಹಳಷ್ಟು ಆ್ಯಪ್‌ಗಳಲ್ಲಿ ಇರುತ್ತದೆ. ಅದನ್ನು ಹುಡುಕಿ ಹಾಕಿ. ಗೋಡೆ ಮೇಲಿನ ಸ್ವಿಚ್ ಮಾತ್ರ ಯಾವತ್ತೂ ಕೆಲಸ ಮಾಡುವ ಹಾಗೆ ಇರಲಿ. ಆ್ಯಪ್ ಇಲ್ಲದೆ ದೀಪ ಹತ್ತದ ಮನೆ ಯಾರಿಗೂ ಬೇಡ.

ಟ್ಯಾಬ್ ಅನ್ನು ಹಗಲೂ ರಾತ್ರಿ ಚಾರ್ಜಿಗೆ ಹಾಕಿ ಬಿಡಬೇಡಿ. ಬ್ಯಾಟರಿ ಉಬ್ಬಬಹುದು. ಸಿಡಿಲಿನ ಹೊತ್ತಿನಲ್ಲಿ ಚಾರ್ಜರ್, ರೂಟರ್ ಎರಡನ್ನೂ ಕಿತ್ತಿಡಿ.

ಕೊಪ್ಪದ ಕಾಫಿ ಗಿಡ

ಸಿಡಿಲು ಅಂದಾಗ ನೆನಪಾಯಿತು. ದಾಮಿನಿ ಅಂತ ಒಂದು ಆ್ಯಪ್ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರದ್ದು. ನೀವಿರುವ ಜಾಗದ 20 ಮತ್ತು 40 ಕಿಲೋಮೀಟರ್ ಸುತ್ತ ಸಿಡಿಲು ಬೀಳುತ್ತಿದೆಯಾ ಅಂತ ತೋರಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವಾಗ ನಾವು ಇದನ್ನು ನೋಡಿಯೇ ಆಳುಗಳನ್ನು ತೋಟದಿಂದ ಕರೆಸಿಕೊಳ್ಳುತ್ತೇವೆ. ಆ ಆರರಲ್ಲಿ ಇದೂ ಒಂದಾಗಲಿ.

ಕೌಂಟರ್ ನಂಬರ್ ಮೂರು

ನಾನು ಬ್ಯಾಂಕ್ ನೌಕರ. ಹಣದ ಆ್ಯಪ್ ಬಗ್ಗೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳದೆ ಓದಿ.

ಪಿಂಚಣಿ ಅಥವಾ ಅಡಿಕೆ ದುಡ್ಡು ಬರುವ ಮುಖ್ಯ ಖಾತೆಗೆ ಯುಪಿಐ ಜೋಡಿಸಬೇಡಿ. ಇನ್ನೊಂದು ಸಣ್ಣ ಖಾತೆ ಮಾಡಿಸಿ. ಅದರಲ್ಲಿ ಮೂರು ನಾಲ್ಕು ಸಾವಿರ ಮಾತ್ರ ಇರಲಿ, ಅದಕ್ಕೆ ಜೋಡಿಸಿ. ಏನಾದರೂ ಅನಾಹುತ ಆದರೂ ಹೋಗುವುದು ಅಷ್ಟೇ. ಅಂಗಡಿಗೆ, ಹಾಲಿಗೆ ಯುಪಿಐ ಲೈಟ್ ಇದೆ. ಅದರಲ್ಲಿ 5000 ರೂಪಾಯಿ ತನಕ ಇಟ್ಟುಕೊಳ್ಳಬಹುದು, ಒಂದು ಸಲಕ್ಕೆ 1000ದ ತನಕ ಪಿನ್ ಇಲ್ಲದೆ ಕೊಡಬಹುದು.

ಅಮ್ಮನಿಗೆ ಕಲಿಸಬೇಕಾದ ಮಾತು: ದುಡ್ಡು ಕೊಡಲು ಪಿನ್ ಬೇಕು, ದುಡ್ಡು ಬರಲು ಪಿನ್ ಬೇಕಿಲ್ಲ. "ನಿಮಗೆ ಹಣ ಬಂದಿದೆ, ಪಿನ್ ಒತ್ತಿ" ಅಂತ ಯಾರಾದರೂ ಹೇಳಿದರೆ ಅವನು ಕಳ್ಳ. ಇದೊಂದು ಬಾಯಿಪಾಠ ಆದರೆ ಅರ್ಧ ಮೋಸ ತಪ್ಪುತ್ತದೆ.

ಉಳಿದರ್ಧ ಬರುವುದು ವಾಟ್ಸಾಪ್‌ನಲ್ಲಿ. ಮದುವೆ ಕರೆಯೋಲೆ ಅಂತ ಒಂದು ಫೈಲ್ ಬರುತ್ತದೆ. ಒತ್ತಿದರೆ ಅದು ಕರೆಯೋಲೆ ಅಲ್ಲ, ಎಪಿಕೆ ಅನ್ನುವ ಆ್ಯಪ್ ಫೈಲ್. ಅದು ಫೋನಿನ ಒಳಗೆ ಕೂತು ಬ್ಯಾಂಕಿನ ಸಂದೇಶಗಳನ್ನು ಓದಿಕೊಳ್ಳುತ್ತದೆ. ಮದುವೆ ಸೀಸನ್‌ನಲ್ಲಿ ನಮ್ಮ ಶಾಖೆಗೇ ಹೀಗೆ ದುಡ್ಡು ಕಳೆದುಕೊಂಡು ಅತ್ತವರು ಬಂದಿದ್ದಾರೆ. "ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್ ಮಾಡ್ತೀವಿ, ಈ ನಂಬರಿಗೆ ಫೋನ್ ಮಾಡಿ" ಅಂತ ಬರುವುದೂ ಸುಳ್ಳೇ. ಕರೆಂಟಿನ ದೂರಿಗೆ 1912 ಇದೆ, ಅಲ್ಲಿಗೆ ಮಾಡಿ ಕೇಳಲಿ. ಟ್ಯಾಬ್‌ನಲ್ಲಿ ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕುವ ಅನುಮತಿಯನ್ನು ನೀವೇ ಬಂದ್ ಮಾಡಿ ಬನ್ನಿ.

ಒಂದು ವೇಳೆ ದುಡ್ಡು ಹೋದರೆ ನಾಚಿಕೆ ಪಟ್ಟು ಸುಮ್ಮನೆ ಕೂರುವುದು ಬೇಡ. ಆ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ದುಡ್ಡು ಮುಂದೆ ಹೋಗದ ಹಾಗೆ ತಡೆಯುವ ಸಾಧ್ಯತೆ ಹೆಚ್ಚು. ಹಿರಿಯರು ಮಕ್ಕಳು ಬೈಯುತ್ತಾರೆ ಅಂತ ಎರಡು ದಿನ ಮುಚ್ಚಿಡುತ್ತಾರೆ. ಬೈಯುವುದಿಲ್ಲ ಅಂತ ನೀವು ಮೊದಲೇ ಹೇಳಿ ಬನ್ನಿ. ಇದು ನನ್ನ ಕೈಮುಗಿದ ಬೇಡಿಕೆ.

ದೋಹಾದಿಂದ

ಯುಪಿಐ ಸರ್ಕಲ್ ಬಗ್ಗೆ ಯಾರೂ ಹೇಳಲಿಲ್ಲ. 2024ರಲ್ಲಿ ಬಂತು. ಮಗಳ ಖಾತೆಯಿಂದ ಅಮ್ಮ ಖರ್ಚು ಮಾಡಬಹುದು, ತಿಂಗಳಿಗೆ ಮಿತಿ ಹಾಕಬಹುದು. ಅಥವಾ ಪ್ರತಿ ಸಲ ಮಗಳು ಒಪ್ಪಿದ ಮೇಲೆಯೇ ದುಡ್ಡು ಹೋಗುವ ಹಾಗೂ ಮಾಡಬಹುದು.

ಕ್ಯಾಮೆರಾ ಮಾತ್ರ ಖಂಡಿತ ಹಾಕಿ. ನಮ್ಮ ಅಪ್ಪ ಹಿತ್ತಲಲ್ಲಿ ಬಿದ್ದು ಎರಡು ಗಂಟೆ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಹಾಲ್ ಮತ್ತು ಅಡುಗೆಮನೆಗೆ ಕ್ಯಾಮೆರಾ ಹಾಕಿಸಿದೆ. ಇಲ್ಲಿ ಕೆಲಸದ ನಡುವೆ ಒಂದು ಸಲ ತೆರೆದು ನೋಡಿದರೆ ಸಮಾಧಾನ.

ಸಾಗರದ ಅಜ್ಜಿ

ನನಗೆ 72 ವರ್ಷ. ಮೊಮ್ಮಗಳು ಕಲಿಸಿಕೊಟ್ಟಿದ್ದಾಳೆ, ಮಾತಾಡಿಯೇ ಇದನ್ನು ಬರೆಸುತ್ತಿದ್ದೇನೆ. ಇಲ್ಲಿ ಎಲ್ಲರೂ ಅಮ್ಮನ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಆ ಅಮ್ಮನ ಕಡೆಯವಳು.

ದೋಹಾದ ತಮ್ಮಾ, ನಿನ್ನ ಸಂಕಟ ಅರ್ಥವಾಗುತ್ತದೆ. ಆದರೆ ನನ್ನ ಮಗನೂ ಕ್ಯಾಮೆರಾ ಹಾಕಿಸಿದ್ದ. ಮೂರು ತಿಂಗಳು ನಾನು ಹಾಲ್‌ನಲ್ಲಿ ಕಾಲು ಚಾಚಿ ಕೂರಲಿಲ್ಲ. ಕೂದಲು ಬಿಚ್ಚಿ ಒಣಗಿಸಲಿಲ್ಲ. ಮಧ್ಯಾಹ್ನ ನೆಲದ ಮೇಲೆ ಮಲಗಿದರೆ ಮಗ ಫೋನ್ ಮಾಡಿ "ಹುಷಾರಿದ್ದೀಯಾ" ಅಂತ ಕೇಳುತ್ತಿದ್ದ. ನನ್ನ ಮನೆ ನನ್ನದಾಗಿ ಉಳಿಯಲಿಲ್ಲ. ಕೊನೆಗೆ ಮಗನ ಹತ್ತಿರ ಕೂತು ಹೇಳಿದೆ. ಈಗ ಒಂದೇ ಕ್ಯಾಮೆರಾ ಇದೆ, ಗೇಟಿನ ಕಡೆಗೆ. ಅದನ್ನು ನಾನೇ ಟ್ಯಾಬ್‌ನಲ್ಲಿ ನೋಡುತ್ತೇನೆ, ಯಾರು ಬಂದರು ಅಂತ. ಮಗನಿಗೆ ಬೆಳಗ್ಗೆ ಏಳು ಗಂಟೆಗೆ ಒಂದು ದೇವರ ದೀಪದ ಫೋಟೋ ಕಳಿಸುತ್ತೇನೆ. ಅದು ಬಂದರೆ ಅಮ್ಮ ಚೆನ್ನಾಗಿದ್ದಾಳೆ ಅಂತ ಅರ್ಥ. ಏಳೂವರೆಗೆ ಬರದಿದ್ದರೆ ಅವನು ಪಕ್ಕದ ಮನೆಗೆ ಫೋನ್ ಮಾಡುತ್ತಾನೆ.

ದುಡ್ಡಿನ ವಿಷಯಕ್ಕೂ ಅದೇ ಮಾತು. ನನ್ನ ಪಿಂಚಣಿ ನನ್ನದು. ಸೊಪ್ಪು ತಗೊಳ್ಳಲು ಮಗನ ಒಪ್ಪಿಗೆ ಕಾಯಲು ನನಗೆ ಆಗುವುದಿಲ್ಲ. ಮಗಳೇ, ನಿನ್ನ ಅಮ್ಮನನ್ನು ಕೇಳು. ಅವಳಿಗೆ ಏನು ಬೇಕು ಅಂತ ಈ ತನಕ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ತೀರ್ಥಹಳ್ಳಿ ಮಗಳು

ಅಜ್ಜಿ, ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಹೌದು, ನಾನು ಕೇಳಿರಲಿಲ್ಲ. ಕೇಳುತ್ತೇನೆ.

ಬೆರಳೇ ಕಣ್ಣು

ನನಗೆ ಕಣ್ಣು ಕಾಣುವುದಿಲ್ಲ. ಪರದೆ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿಕೊಂಡು ಈ ಚರ್ಚೆ ಪೂರ್ತಿ ಕನ್ನಡದಲ್ಲೇ ಕೇಳಿದೆ. ನಿಮ್ಮ ತಾಯಿಯವರಿಗೆ ಕಣ್ಣು ಮಂಜಾಗಿದ್ದರೆ ಪರದೆಯನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲೇ ಇದೆ, ಬೇರೆ ಆ್ಯಪ್ ಬೇಡ. ಕಿವಿ ಮಂದ ಆಗಿದ್ದರೆ ಲೈವ್ ಟ್ರಾನ್ಸ್‌ಕ್ರೈಬ್ ನೋಡಿ. ಎದುರಿನವರು ಕನ್ನಡದಲ್ಲಿ ಮಾತಾಡಿದ್ದನ್ನು ಅಕ್ಷರದಲ್ಲಿ ತೋರಿಸುತ್ತದೆ. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ಮಣಿ ಅನ್ನುವ ಆ್ಯಪ್ ಕೊಟ್ಟಿದೆ. ನೋಟಿನ ಮುಂದೆ ಫೋನ್ ಹಿಡಿದರೆ ಎಷ್ಟು ರೂಪಾಯಿ ಅಂತ ಹೇಳುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಹಾಲಿನವರಿಗೆ ದುಡ್ಡು ಕೊಡುವಾಗ ನಾನು ಯಾರನ್ನೂ ಕರೆಯುವುದಿಲ್ಲ.

ತೀರ್ಥಹಳ್ಳಿ ಮಗಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಊರಿಗೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ಅಮ್ಮನನ್ನು ಕೇಳಿದೆ, "ನಿನಗೆ ಇದರಲ್ಲಿ ಎಂತ ಬೇಕು ಅಮ್ಮ?" ಬಹಳ ಹೊತ್ತು ಯೋಚಿಸಿ ಮೂರು ಹೇಳಿದಳು. ಗ್ಯಾಸ್ ತಾನೇ ಬುಕ್ ಮಾಡಬೇಕು, ಅಂಗಡಿ ಹುಡುಗನನ್ನು ಕೇಳಲು ಅವಳಿಗೆ ಇಷ್ಟವಿಲ್ಲ. ಅಣ್ಣನ ಮಗುವನ್ನು ದೊಡ್ಡದಾಗಿ ನೋಡಬೇಕು. ಅಪ್ಪನ ಫೋನಿನಲ್ಲಿದ್ದ ಫೋಟೋಗಳು ಟ್ಯಾಬ್‌ನಲ್ಲಿ ಬರಬೇಕು. ನಾನು ಪಟ್ಟಿ ಮಾಡಿಕೊಂಡು ಹೋದದ್ದರಲ್ಲಿ ಮೂರನೆಯದು ಇರಲೇ ಇಲ್ಲ.

ಒಂದೊಂದು ದಿನ ಒಂದೊಂದು ಕಲಿಸಿದೆ. ಟ್ಯಾಬ್ ಮುಟ್ಟಲಿಲ್ಲ, ಟೀಚರ್ ಹೇಳಿದ ಹಾಗೆ. ಮೊದಲ ದಿನ ಕೈ ತಡೆದುಕೊಳ್ಳುವುದು ಕಷ್ಟವಾಯಿತು. ಅಮ್ಮ ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸಿಕೊಂಡಿದ್ದಾಳೆ.

ಒಂದು ಘಟನೆ ಹೇಳಲೇಬೇಕು. ಒಟಿಪಿ ಯಾರಿಗೂ ಕೊಡಬಾರದು ಅಂತ ಹತ್ತು ಸಲ ಹೇಳಿದ್ದೆ. ಗ್ಯಾಸ್ ಬುಕ್ ಆಯಿತು, ಸಿಲಿಂಡರ್ ಬಂತು. ತಂದವರು ಕೋಡ್ ಕೇಳಿದರು. ಅಮ್ಮ "ಕೊಡುವುದಿಲ್ಲ, ನನ್ನ ಮಗಳು ಹೇಳಿದ್ದಾಳೆ" ಅಂತ ಗಟ್ಟಿಯಾಗಿ ನಿಂತುಬಿಟ್ಟಳಂತೆ. ಅವರು ಸಿಲಿಂಡರ್ ವಾಪಸ್ ತಗೊಂಡು ಹೋದರು. ತಪ್ಪು ಅಮ್ಮನದಲ್ಲ, ನಾನು ಹೇಳಿಕೊಟ್ಟ ರೀತಿಯದು. ಗ್ಯಾಸ್ ಮನೆ ಬಾಗಿಲಿಗೆ ಬಂದಾಗ ಕೊಡುವ ಕೋಡ್ ಬೇರೆ, ಬ್ಯಾಂಕಿನ ಒಟಿಪಿ ಬೇರೆ. ಈಗ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದಾಳೆ: "ಸಿಲಿಂಡರ್ ಕಣ್ಣೆದುರು ಇದ್ದರೆ ಕೋಡ್ ಕೊಡು. ಫೋನಿನಲ್ಲಿ ಯಾರು ಕೇಳಿದರೂ ಕೊಡಬೇಡ." ಹಿರಿಯರಿಗೆ ಕಲಿಸುವ ಎಲ್ಲರೂ ದಯವಿಟ್ಟು ಈ ವ್ಯತ್ಯಾಸ ಮೊದಲೇ ಹೇಳಿಬಿಡಿ.

ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆವು. ಹೊಳೆ ಹತ್ತಿರ ಸಿಗ್ನಲ್ ಕಡಿಮೆ, ಆಂಟೆನಾವನ್ನು ಉದ್ದ ವೈರ್ ಹಾಕಿ ಕಂಬದ ಮೇಲೆ ಏರಿಸಿದ ಮೇಲೆ ಸರಿಯಾಯಿತು. ಸ್ಮಾರ್ಟ್ ಪ್ಲಗ್ ನಾಲ್ಕೂ 10 ಆಂಪ್‌ನವು. ಹಾಗೇ ಪೆಟ್ಟಿಗೆಯಲ್ಲಿವೆ. ಒಂದು ಕ್ಯಾಮೆರಾ ಕೊಟ್ಟಿಗೆ ಕಡೆಗೆ ಇಟ್ಟಿದ್ದೇವೆ, ಅಮ್ಮನೇ ಆರಿಸಿದ ಜಾಗ. ಗಬ್ಬದ ಹಸು ಇದೆ, ರಾತ್ರಿ ಎದ್ದು ಹೋಗದೆ ಮಲಗಿದಲ್ಲಿಂದಲೇ ನೋಡುತ್ತಾಳೆ. ಅಣ್ಣ ಮೊದಲು ಬೇಸರ ಮಾಡಿಕೊಂಡ. ಸಾಗರದ ಅಜ್ಜಿ ಬರೆದದ್ದನ್ನು ಕಳಿಸಿದೆ. ಆಮೇಲೆ ಏನೂ ಹೇಳಲಿಲ್ಲ. ಈಗ ದಿನಾ ಬೆಳಗ್ಗೆ ಅಮ್ಮನಿಂದ ನಮ್ಮಿಬ್ಬರಿಗೂ ಒಂದು ಫೋಟೋ ಬರುತ್ತದೆ. ಇವತ್ತು ದಾಸವಾಳ.

ಅಜ್ಜಿ, ಅಮ್ಮ ನಿಮ್ಮನ್ನು ಒಂದು ಪ್ರಶ್ನೆ ಕೇಳು ಅಂದಳು. ಅವಳಿಗೆ ನಮ್ಮ ಅಜ್ಜಿಯಿಂದ ಬಂದ ಮದುವೆ ಹಾಡುಗಳು ಬಹಳ ಬರುತ್ತವೆ. ಬೀಗರಿಗೆ ಬಡಿಸುವಾಗಿನ ಹಾಡು, ಹೆಣ್ಣು ಒಪ್ಪಿಸುವ ಹಾಡು. ಅವನ್ನು ಟ್ಯಾಬ್‌ನಲ್ಲಿ ಇಡುವುದು ಹೇಗೆ?

ಸಾಗರದ ಅಜ್ಜಿ

ಅಯ್ಯೋ, ಎಷ್ಟು ಒಳ್ಳೇ ಕೆಲಸ. ಧ್ವನಿ ರೆಕಾರ್ಡ್ ಮಾಡುವ ಆ್ಯಪ್ ಅದರಲ್ಲೇ ಇರಬಹುದು, ಇಲ್ಲದಿದ್ದರೆ ಹಾಕಿಕೊಡು. ಕೆಂಪು ಗುಂಡು ಒತ್ತಿ ಹಾಡಬೇಕು, ಮುಗಿದ ಮೇಲೆ ಮತ್ತೆ ಒತ್ತಬೇಕು. ಫ್ಯಾನ್ ಆರಿಸಿರಲಿ, ಅದರ ಸದ್ದು ಬರುತ್ತದೆ. ಟ್ಯಾಬ್ ಅನ್ನು ಮಡಿಚಿದ ಬಟ್ಟೆ ಮೇಲೆ ಇಡಲಿ, ಮೊಳದಷ್ಟು ದೂರ. ಹಾಡಿಗೆ ಮೊದಲು ಯಾವ ಶಾಸ್ತ್ರದಲ್ಲಿ ಹೇಳುವ ಹಾಡು, ಯಾರಿಂದ ಕಲಿತದ್ದು ಅಂತ ಬಾಯಲ್ಲೇ ಹೇಳಲಿ. ನಾನು ಅದನ್ನು ಹೇಳದೆ ನಲವತ್ತು ಹಾಡು ತುಂಬಿಸಿ, ಈಗ ಯಾವುದು ಯಾವುದು ಅಂತ ಒಂದೊಂದನ್ನೇ ಕೇಳಿ ಹೆಸರು ಹಾಕುತ್ತಿದ್ದೇನೆ. ಒಂದು ಸಾಲು ಮರೆತರೂ ನಿಲ್ಲಿಸುವುದು ಬೇಡ ಅನ್ನು. ಹೆಣ್ಣು ಒಪ್ಪಿಸುವ ಹಾಡಿನ ಮೂರನೇ ನುಡಿ ನನಗೂ ಮರೆತಿದೆ, ನಿನ್ನ ಅಮ್ಮನಿಗೆ ಬರುತ್ತದಾ ಕೇಳು.